ವರ್ಷವರ್ಷವೂ ಸೋಲುವ ರಕ್ಕಸ

ನಾನು ಒಂದು ಮಣ್ಣಿನ ಗೊಂಬೆ. ಗೊಂಬೆ ಎಂದ ಕೂಡಲೇ ಮುದ್ದು ಮುಖವನ್ನು ನೆನೆಯಬೇಡಿ. ನಾನು ರಕ್ಕಸ. ನವರಾತ್ರಿಯಲ್ಲಿ ಮನೆಗಳಲ್ಲಿ ಮೆಟ್ಟಿಲು ಜೋಡಿಸಿ ಗೊಂಬೆ ಕೂರಿಸುತ್ತಾರಲ್ಲ, ಅಲ್ಲಿ ಕೆಳಗಿನ ಮೆಟ್ಟಿಲಿನ ಮೂಲೆಯಲ್ಲಿ ಕೋರೆಹಲ್ಲು ಬಿಟ್ಟುಕೊಂಡು ನಿಂತಿರುವವನು. ಒಂಬತ್ತು ದಿನ ಗರ್ಜಿಸುವುದು, ಹತ್ತನೆಯ ದಿನ ಸೋಲುವುದು. ಇದೇ ನನ್ನ ಕಸುಬು.

ನನ್ನನ್ನು ಮಾಡಿದವನು ಕುಂಬಾರ ಚೌಡಯ್ಯ. ಕೆರೆಯ ಮಣ್ಣನ್ನು ಸೋಸಿ, ಹತ್ತಿ ಬೆರೆಸಿ ತುಳಿದು, ಒಂದೇ ಮುದ್ದೆಯಲ್ಲಿ ಮೊದಲು ದೇವಿಯನ್ನು ಮಾಡಿದ. ಮಿಕ್ಕದ್ದರಲ್ಲಿ ನನ್ನನ್ನು ಮಾಡಿದ. ಇನ್ನೂ ನನಗೆ ಮುಖ ಮೂಡಿರಲಿಲ್ಲ, ಆಗಲೇ ಒಂದು ಕಡ್ಡಿ ತೆಗೆದುಕೊಂಡು ಎದೆಗೆ ತೂತು ಹಾಕಿದ. ಹತ್ತನೆಯ ದಿನ ತಂತಿಯ ತ್ರಿಶೂಲ ಚುಚ್ಚಿ ನಿಲ್ಲಿಸಲು ಜಾಗ ಬೇಕಲ್ಲ. ಮೀಸೆ, ಹಲ್ಲು, ಕೈಯ ಕತ್ತಿ, ಇವೆಲ್ಲ ಆಮೇಲೆ ಬಂದವು. ನನ್ನ ಸೋಲನ್ನು ಮೊದಲು ಮಾಡಿ, ನನ್ನನ್ನು ಆಮೇಲೆ ಮಾಡಿದರು.

ಕಣ್ಣು ಬರೆದವಳು ಚೌಡಯ್ಯನ ಹೆಂಡತಿ ಸಾಕಮ್ಮ.

"ಇವನ್ಗೂ ರೆಪ್ಪೆ ಬರೀಲಾ?" ಎಂದು ಕೇಳಿದಳು.

"ರಕ್ಕಸುಂಗ್ಯಾಕಮ್ಮಿ ರೆಪ್ಪೆ? ಗುಡ್ಡೆ ದೊಡ್ಡದಾಗ್ ಬರಿ. ಮಕ್ಕಳು ನೋಡಿ ಬೆದರ್ಕಬೇಕು."

"ಅಂಗಾದ್ರೆ ಬುಡು, ನಿನ್ ಮಕ ನೋಡ್ಕಂಡೇ ಬರೀತೀನಿ."

ಇಬ್ಬರೂ ನಕ್ಕರು. ಆ ನಗುವಿನಲ್ಲಿ ನನ್ನ ಕಣ್ಣು ತೆರೆಯಿತು, ಮತ್ತೆ ಮುಚ್ಚಲಿಲ್ಲ. ನನ್ನ ಎದುರಿಗೆ ಏನು ನಡೆದರೂ ನಾನು ನೋಡಲೇಬೇಕು.

ಕೊಳ್ಳೇಗಾಲದ ಒಬ್ಬಳು ಹೆಂಗಸು ಮಗಳ ಮದುವೆಗೆಂದು ನಮ್ಮ ಇಡೀ ಸಾಲನ್ನು ಕೊಂಡಳು. ಹೆಣ್ಣುಮಗಳು ಗಂಡನ ಮನೆಯಲ್ಲಿಯೂ ಗೊಂಬೆ ಕೂರಿಸಲಿ ಎಂದು ಪಟ್ಟದ ಗೊಂಬೆಗಳ ಜೋಡಿಯ ಜೊತೆಗೆ ನಮ್ಮನ್ನೂ ಕೊಟ್ಟು ಕಳಿಸಿದಳು. ಮಗಳ ಹೆಸರು ಸುಕನ್ಯಾ. ಮೆಟ್ಟಿಲಿನ ಮೇಲೆ ನನ್ನನ್ನು ಇಡುವಾಗಲೆಲ್ಲ, "ಏನಪ್ಪಾ ಮೀಸೆಮಾವ, ಆರಾಮಾ?" ಎಂದು ಕೇಳುತ್ತಿದ್ದಳು.

ಅವಳ ಗಂಡ ವಸಂತ. ಅವನನ್ನು ಕಂಡಾಗ, ಈ ಮನೆಯಲ್ಲಿ ನನಗೆ ಸಮನಾದವರು ಯಾರೂ ಇಲ್ಲ ಎಂದುಕೊಂಡೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ತೆಳ್ಳಗೆ ಗಂಧ, ಮೆಲುದನಿ. ತುಳಸಿಗೆ ನೀರೆರೆಯದೆ ಕಾಫಿ ಕುಡಿಯುವವನಲ್ಲ. ಬೀದಿಯವರು ಸೊಸೆಯ ಪುಣ್ಯವನ್ನು ಹೊಗಳುತ್ತಿದ್ದರು. ಕೆಟ್ಟವನೆಂದರೆ ನನ್ನ ಹಾಗೆ ಇರುತ್ತಾನೆಂದು ನನಗೆ ಕಲಿಸಿದ್ದರು. ನಾನು ಹಾಗೇ ನಂಬಿದ್ದೆ.

ಮೊದಲ ನವರಾತ್ರಿಯ ಒಂದು ಮಧ್ಯಾಹ್ನ ಅವನು ಹೊರಗಿನಿಂದ ಬಂದ. "ಸುಕನ್ಯಾ, ಸ್ವಲ್ಪ ಬಾಮ್ಮ ಇಲ್ಲಿ," ಎಂದು ಕರೆದ. ಅವಳು ಬರುವಷ್ಟರಲ್ಲಿ ನಡುಮನೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದ. ಅಗುಳಿಯ ಸದ್ದು ಕೂಡ ಆಗಲಿಲ್ಲ. ಅವನ ತಾಯಿ ವಿಶಾಲಾಕ್ಷಮ್ಮ ರಂಗೋಲಿಯ ಡಬ್ಬಿ ಹಿಡಿದುಕೊಂಡು ಬಾಗಿಲ ಹೊರಗೆ ಹೋದಳು. ಬೆಳಗ್ಗೆ ಹಾಕಿದ ರಂಗೋಲಿ ಇನ್ನೂ ಹಾಗೇ ಇತ್ತು.

ಆಮೇಲೆ ನಡೆದದ್ದನ್ನು ನಾನು ಕಂಡೆ. ಕಾರಣ ಏನೂ ದೊಡ್ಡದಲ್ಲ. ಅವಳು ಬಾಗಿಲಲ್ಲಿ ನಿಂತು ಪಕ್ಕದ ಮನೆಯವಳ ಜೊತೆ ನಕ್ಕಿದ್ದಳಂತೆ. ಅವನು ಒಮ್ಮೆಯೂ ದನಿ ಏರಿಸಲಿಲ್ಲ. ಎಲ್ಲ ಮುಗಿದ ಮೇಲೆ ಕಿಟಕಿಗಳನ್ನು ತೆರೆದು, "ಮುಖ ತೊಳ್ಕೊಂಡು ಬಾ. ಕುಂಕುಮಕ್ಕೆ ಜನ ಬರೋ ಹೊತ್ತು," ಎಂದ. ಕತ್ತಿ ಎತ್ತಿಕೊಂಡು ಹಲ್ಲು ಕಿರಿದು ನಿಂತಿದ್ದ ನಾನು ಯಾರನ್ನೂ ಒಮ್ಮೆಯೂ ಹೊಡೆದಿರಲಿಲ್ಲ.

ಹೀಗೆ ಎರಡು ನವರಾತ್ರಿ ಕಳೆದವು. ಮೂರನೆಯ ಬಾರಿ ಅವಳು ಮೆಟ್ಟಿಲುಗಳ ಮೇಲೆಯೇ ಬಿದ್ದಳು. ಗೊಂಬೆಗಳು ಉರುಳಿದವು. ನನ್ನ ಕತ್ತಿಯ ಕೈ ಮೊಣಕೈಯ ಬಳಿ ಮುರಿಯಿತು.

"ನೋಡು, ಹಬ್ಬದ ದಿನ ಗೊಂಬೆ ಒಡೆದೆ," ಎಂದ ಅವನು ಮೆತ್ತಗೆ.

ಮರುದಿನ ಸುಕನ್ಯಾ ಮೈದಾ ಹಿಟ್ಟಿನ ಅಂಟು ಕಾಯಿಸಿ ನನ್ನ ಕೈಯನ್ನು ಕೂಡಿಸಿದಳು. ರವಿಕೆಯ ತುಂಡೊಂದನ್ನು ಹರಿದು ಎಳೆ ಎಳೆಯಾಗಿ ಸುತ್ತಿ, ಸಣ್ಣ ಗಂಟು ಹಾಕಿ, ಅದರ ಮೇಲೆ ದೀಪದ ಕಾಡಿಗೆಯನ್ನು ಸವರಿದಳು. ಹತ್ತನೆಯ ದಿನ ತ್ರಿಶೂಲ ಹಿಡಿದು ನನ್ನ ಎದುರು ಕುಳಿತಾಗ ಅವಳ ಕೈ ನಿಂತುಹೋಯಿತು. "ಎಲ್ಲರ ಪಾಲಿನ ಬೈಗುಳಾನೂ ನೀನೇ ತಿಂತೀಯಲ್ಲೋ," ಎಂದಳು. ಆ ವರ್ಷ ನನ್ನನ್ನು ಚುಚ್ಚಲಿಲ್ಲ. ಒಂದೊಂದು ಗೊಂಬೆಯನ್ನೂ ಹಳೆ ಸೀರೆಯ ಚೂರಿನಲ್ಲಿ ಸುತ್ತಿ, ಮಧ್ಯೆ ಬೇವಿನ ಎಲೆ ಇಟ್ಟು ಪೆಟ್ಟಿಗೆಗೆ ಹಾಕಿದಳು. ದೀಪಾವಳಿಗೆ ಮೊದಲೇ ಒಂದು ಬೆಳಗ್ಗೆ ಹಾಲು ತರಲು ಪಾತ್ರೆ ಹಿಡಿದು ಹೊರಗೆ ಹೋದವಳು ಮರಳಿ ಬರಲಿಲ್ಲ. ತವರಿಗೆ ಸೇರಿಕೊಂಡಳೆಂದು ಪೆಟ್ಟಿಗೆಯೊಳಗೇ ಕೇಳಿಸಿಕೊಂಡೆ.

ಆ ಮನೆಯವರು ಅವಳ ಗುರುತನ್ನೆಲ್ಲ ಅಳಿಸಿದರು. ಫೋಟೋ ಇಳಿಸಿದರು, ಸೀರೆಗಳನ್ನು ಪಾತ್ರೆಯವಳಿಗೆ ಹಾಕಿದರು. ನಮ್ಮ ವಿಷಯದಲ್ಲಿ ಮಾತ್ರ ವಿಶಾಲಾಕ್ಷಮ್ಮನ ಕೈ ಹಿಂಜರಿಯಿತು. ಒಮ್ಮೆ ಕೂರಿಸಿದ ಗೊಂಬೆಯನ್ನು ಬಿಸಾಡಬಾರದು, ಬಿಸಾಡಿದರೆ ಮನೆಗೆ ಕೇಡು ಎಂದು ಅವಳ ಅತ್ತೆ ಅವಳಿಗೆ ಹೇಳಿದ್ದರು. ಹೆಂಗಸಿನ ಕಣ್ಣೀರಿಗೆ ಹೆದರದವಳು ಮಣ್ಣಿನ ಗೊಂಬೆಯ ದೋಷಕ್ಕೆ ಹೆದರಿದಳು.

"ಎಸೆಯೋ ಹಾಗಿಲ್ಲ, ಇಟ್ಕೊಂಡ್ರೆ ಅವಳ ನೆರಳು. ಯಾವುದಾದ್ರೂ ಒಳ್ಳೇ ಮನೆಗೆ ದಾಟಿಸ್ಬಿಡು, ಶೇಷಮ್ಮ," ಎಂದಳು.

ಶೇಷಮ್ಮ ಊರೂರು ತಿರುಗಿ ಮದುವೆ ಕುದುರಿಸುವವಳು. ಒಂದೇ ಚೀಲದಲ್ಲಿ ಜಾತಕಗಳನ್ನೂ ನಮ್ಮನ್ನೂ ತುಂಬಿಕೊಂಡು ಹೊರಟಳು. ನಾವು ಇಳಿದದ್ದು ಕೆ.ಆರ್. ನಗರದಲ್ಲಿ, ನಂಜುಂಡಯ್ಯನವರ ಮನೆಯಲ್ಲಿ. ಎಲ್ಲಿಂದ ಬಂದ ಗೊಂಬೆಗಳು ಎಂದು ಕೇಳಿದಾಗ, "ಮನೆ ಖಾಲಿ ಮಾಡಿದೋರು ಕೊಟ್ಟದ್ದು," ಎಂದು ತೇಲಿಸಿಬಿಟ್ಟಳು.

ನಂಜುಂಡಯ್ಯನವರಿಗೆ ಹೆಂಡತಿ ಇರಲಿಲ್ಲ. ಮಗಳು ತಾರಿಣಿ ಬಿ.ಎ. ಮುಗಿಸಿದ್ದಳು. ಅವಳನ್ನು ಸಾಕಿದವಳು ನಂಜುಂಡಯ್ಯನವರ ಅಕ್ಕ ಪದ್ದಮ್ಮ. ತಾರಿಣಿಗೆ ಅವಳು ಪದ್ದತ್ತೆ. ಪೆಟ್ಟಿಗೆ ಬಿಚ್ಚಿದ ದಿನ ಪದ್ದತ್ತೆ ಸೀರೆಯ ಚೂರುಗಳನ್ನು, ನನ್ನ ಕೈಯ ಕಟ್ಟನ್ನು ಬೆರಳಿನಿಂದ ಸವರಿ, "ಯಾರೋ ಪುಣ್ಯಾತ್ಗಿತ್ತಿ. ಎಷ್ಟು ಜೋಪಾನ ಮಾಡಿದ್ದಾಳೆ ನೋಡೇ," ಎಂದಿದ್ದಳು.

ಆ ಮನೆಯಲ್ಲಿ ನನ್ನ ವರ್ಷಗಳು ಚೆನ್ನಾಗಿದ್ದವು. ಸಂಜೆಯಾದರೆ ಬೀದಿಯ ಮಕ್ಕಳು ಬಾಗಿಲಿಗೆ ಬಂದು, "ರೀ, ಗೊಂಬೆ ಕೂರ್ಸಿದ್ದೀರಾ?" ಎಂದು ಕೂಗುತ್ತಿದ್ದವು. ಪದ್ದತ್ತೆ ಅವರನ್ನು ಕೂರಿಸಿಕೊಂಡು ಕಥೆ ಹೇಳುತ್ತಿದ್ದಳು. ಎಲ್ಲ ಕಥೆಯಲ್ಲೂ ನಾನು ಸೋಲುತ್ತಿದ್ದೆ. ಪಕ್ಕದ ಮನೆಯ ಚಿನ್ನು ಎಂಬ ಪುಟ್ಟ ಹುಡುಗಿಗೆ ಇದು ಸರಿಬೀಳಲಿಲ್ಲ.

"ಅಜ್ಜಿ, ರಕ್ಕಸ ಒಂದ್ಸಲಾನೂ ಗೆಲ್ಲಲ್ವಾ?"

"ಅವನು ಗೆದ್ರೆ ನಿನ್ನ ಕೈಗೆ ಉಸಳಿ ಹಾಕೋರ್ಯಾರೇ? ಅವನೇ ತಿಂದು ತೇಗ್ತಾನೆ."

"ಅಲ್ಲ, ನಿಜವಾಗ್ಲೂ ಹೇಳಿ. ಯಾಕೆ ಯಾವಾಗ್ಲೂ ಸೋಲ್ತಾನೆ?"

ಪದ್ದತ್ತೆ ಯೋಚಿಸಿದಳು. "ನೋಡು, ಅವನ ಹಲ್ಲು ನೋಡು, ಮೀಸೆ ನೋಡು. ಬರೋಕೆ ಮುಂಚೆ ಕೂಗ್ತಾನೆ, ಬಂದ ಮೇಲೆ ಕುಣೀತಾನೆ. ಇಷ್ಟೆಲ್ಲ ಮಾಡಿದ್ರೆ ಊರಿಗೆಲ್ಲ ಗೊತ್ತಾಗಲ್ವಾ? ಗೊತ್ತಾದ ಮೇಲೆ ಸೋಲದೆ ಇನ್ನೇನು?"

ಮಕ್ಕಳು ನಕ್ಕವು. ನನಗೆ ಮಾತ್ರ ಆ ಮಾತು ತಟ್ಟಿತು. ಹೌದು, ನನ್ನನ್ನು ಕಂಡವರಿಗೆಲ್ಲ ನಾನು ಯಾರೆಂದು ಗೊತ್ತು. ಗೊತ್ತಾಗದವನೊಬ್ಬನನ್ನು ನಾನು ನೋಡಿಬಂದಿದ್ದೆ. ಹೇಳೋಣವೆಂದರೆ ನನ್ನ ಬಾಯಿ ತೆರೆದಿರುವುದು ಗರ್ಜಿಸುವುದಕ್ಕೆ ಮಾತ್ರ, ಅದೂ ಸದ್ದಿಲ್ಲದೆ.

ಆ ವರ್ಷದ ನವರಾತ್ರಿಯಲ್ಲಿ ಶೇಷಮ್ಮ ಒಂದು ಸಂಬಂಧ ತಂದಳು. ಹುಡುಗನಿಗೆ ಒಳ್ಳೆಯ ಕೆಲಸ, ಸ್ವಂತ ಮನೆ, ಕೊಡುವುದು ತೆಗೆದುಕೊಳ್ಳುವುದು ಏನೂ ಬೇಡ.

"ಎರಡನೇ ಸಂಬಂಧ ಅಂತೀಯಲ್ಲ. ಮೊದಲನೆಯವಳಿಗೆ ಏನಾಯ್ತು?" ಎಂದು ಪದ್ದತ್ತೆ ಕೇಳಿದಳು.

"ಅವಳಿಗೆ ತಲೆ ನೆಟ್ಟಗಿರ್ಲಿಲ್ವಂತೆ ಪದ್ದಮ್ಮ. ಸಾಮಾನೆಲ್ಲ ಒಡೆದುಹಾಕ್ತಿದ್ಲಂತೆ. ಅವಳಾಗೇ ಬಿಟ್ಟುಹೋದ್ಲು, ಕೋರ್ಟಲ್ಲೂ ತೀರಿದೆ. ಪಾಪ, ಹುಡುಗ ಹಸುವಿನಂಥವನು."

ನಂಜುಂಡಯ್ಯನವರು ಖುಷಿಯಾಗಿದ್ದರು. "ನವಮಿ ದಿನ ಗೊಂಬೆ ನೋಡೋ ಹಾಗೆ ಬರ್ಲಿ. ಒಪ್ಪಿಗೆಯಾದ್ರೆ ದಶಮಿಗೆ ತಾಂಬೂಲ ಬದಲಾಯಿಸಿಬಿಡೋಣ," ಎಂದರು. ತಂದೆಯ ಮುಖದಲ್ಲಿ ಅಷ್ಟು ಬೆಳಕನ್ನು ಕಂಡು ತಾರಿಣಿಗೆ ಬೇಡವೆನ್ನಲು ಬಾಯಿ ಬರಲಿಲ್ಲ.

ನವಮಿಯ ಸಂಜೆ ಹೊಸ್ತಿಲ ಮೇಲೆ ಮೊದಲು ನನಗೆ ಕಂಡದ್ದು ಪ್ಯಾಂಟಿನ ಅಂಚು, ಆಮೇಲೆ ಬಿಳಿ ಅಂಗಿ. ಅದೇ ಗಂಧ, ಅದೇ ಮೆಲುದನಿ. ಹಿಂದೆ ವಿಶಾಲಾಕ್ಷಮ್ಮ. ನನ್ನ ಮಣ್ಣು ಮತ್ತೆ ಹಸಿಯಾದಂತೆ ಆಯಿತು.

ಕಾಫಿ ಆಯಿತು, ಕೋಡುಬಳೆ ಆಯಿತು. ವಸಂತ ಗೊಂಬೆಗಳ ಬಳಿ ಬಂದು ಒಂದೊಂದನ್ನೂ ಬೆರಳಿನಿಂದ ನೇರ ಮಾಡತೊಡಗಿದ. ಅವನಿಗೆ ಅದೊಂದು ಅಭ್ಯಾಸ. ನನ್ನ ಕೈಯ ಕಟ್ಟಿನ ಮೇಲೆ ಅವನ ಬೆರಳು ಬಂದು ನಿಂತಿತು. ನನ್ನ ಕಣ್ಣನ್ನು ನೋಡಿದ. ಗುರುತು ಹಿಡಿದ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನನ್ನನ್ನು ನಿಧಾನವಾಗಿ ಗೋಡೆಯ ಕಡೆಗೆ ತಿರುಗಿಸಿ ಇಟ್ಟ.

ಮೆಟ್ಟಿಲಿನ ಮೇಲೆ ನಿಂತಿದ್ದಾಗ ಎದುರಿಗೆ ಏನೂ ಕಾಣದಂತಾದದ್ದು ಅದೇ ಮೊದಲು. ಸುಣ್ಣದ ಗೋಡೆ ಮಾತ್ರ. ಕಿವಿಗೆ ಎಲ್ಲವೂ ಕೇಳುತ್ತಿತ್ತು.

"ತಾರಿಣಿ ಹತ್ರ ಎರಡು ಮಾತಾಡಬಹುದಾ, ಮಾವ?"

"ಅಯ್ಯೋ, ಅದಕ್ಕೇನಂತೆ. ಬಾ ಅಕ್ಕ, ಹಿತ್ತಲ ಕಡೆ ಹೋಗೋಣ. ವಿಶಾಲಾಕ್ಷಮ್ಮನೋರೇ, ನಮ್ಮ ಮಲ್ಲಿಗೆ ಬಳ್ಳಿ ನೋಡಿ ಬನ್ನಿ."

ಹೆಜ್ಜೆಗಳು ಒಳಗೆ ಸರಿದವು. ಆಮೇಲೆ ಕಿಟಕಿ ಮುಚ್ಚಿದ ಸದ್ದು. ಸದ್ದೆಂದರೆ ಸದ್ದಲ್ಲ, ಬೀದಿಯ ಗಲಾಟೆ ಇದ್ದಕ್ಕಿದ್ದಂತೆ ಕುಗ್ಗಿತು, ಅಷ್ಟೆ. ಮತ್ತೊಂದು ಕಿಟಕಿ. ಅದು ಏನೆಂದು ಆ ಮನೆಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು.

"ಯಾಕೆ ಮುಚ್ತೀರಿ? ಸೆಕೆ," ಎಂದಳು ತಾರಿಣಿ.

"ಗಾಳಿಗೆ ದೀಪ ಆರತ್ತೆ. ಕೂತ್ಕೊಮ್ಮ. ಮೊದಲೇ ಹೇಳ್ಬಿಡೋದು ಒಳ್ಳೇದು ನೋಡು, ನನಗೆ ಒಂದು ಮಾತನ್ನ ಎರಡು ಸಲ ಹೇಳಿ ಅಭ್ಯಾಸ ಇಲ್ಲ."

"ಕೈ ಬಿಡಿ."

"ಬಳೆ ಸರಿ ಮಾಡ್ತಿದ್ದೀನಿ. ಅದನ್ನೇ ನಗ್ತಾ ಹೇಳು ನೋಡೋಣ."

"ನೋಯ್ತಿದೆ. ಬಿಡಿ ಅಂದೆ."

"ನಗು ಅಂದೆ ನಾನು. ಹೊರಗೆ ಹೋಗುವಾಗ ನಗ್ತಾ ಹೋಗ್ಬೇಕು. ಅಪ್ಪನಿಗೆ ಸಂತೋಷ ಆಗ್ಬೇಕಲ್ಲ?"

ಒಂದು ಬಳೆ ಚಟ್ಟೆಂದು ಮುರಿಯಿತು. ಆಗ ಹೊರಗಿನಿಂದ ಮಕ್ಕಳ ಕೂಗು: "ರೀ, ಗೊಂಬೆ ಕೂರ್ಸಿದ್ದೀರಾ?"

ಬಾಗಿಲನ್ನು ತೆರೆದವನು ವಸಂತನೇ. "ಬನ್ನಿ, ಬನ್ನಿ ಮಕ್ಕಳೇ," ಎಂದ. ಮಕ್ಕಳ ಹಿಂದೆ ಕುಂಕುಮಕ್ಕೆ ಬಂದ ಬೀದಿಯ ಹೆಂಗಸರು ಕೂಡ ಒಳಗೆ ಬಂದು ಕುಳಿತರು. ಹಿತ್ತಲಿನಿಂದ ಹಿರಿಯರೂ ಬಂದರು. ತಾರಿಣಿ ಏನಾದರೂ ಹೇಳುತ್ತಾಳೆಯೇ ಎಂದು ಕಾದೆ. ಏನಿಲ್ಲ. ಅವಳು ನಗುತ್ತಿದ್ದಾಳೋ ಏನೋ ಎಂದು ನನಗೆ ಜೀವ ಹಾರಿತು.

"ಅಯ್ಯೋ! ರಕ್ಕಸ ಗೋಡೆ ನೋಡ್ತಿದ್ದಾನೆ!" ಎಂದು ಚಿನ್ನು ಕೂಗಿದಳು. "ಯಾರು ತಿರುಗ್ಸಿದ್ದು ಇವನನ್ನ?"

ತಾರಿಣಿ ಎದ್ದು ಬಂದು ನನ್ನನ್ನು ಎತ್ತಿಕೊಂಡಳು. ಅವಳ ಮುಂಗೈಯಲ್ಲಿ ಕೆಂಪಗೆ ಬೆರಳುಗಳ ಗುರುತು. ಸೆರಗನ್ನು ಅದರ ಮೇಲೆ ಎಳೆದುಕೊಂಡು, ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಪದ್ದತ್ತೆ ಕಥೆಗೆಂದು ಗಂಟಲು ಸರಿಮಾಡಿಕೊಂಡಳು.

"ಅತ್ತೆ, ಇವತ್ತು ನಾನು ಹೇಳ್ತೀನಿ."

ಅವಳ ತೊಡೆ ನಡುಗುತ್ತಿತ್ತು. ನನಗೆ ಮಾತ್ರ ಅದು ತಿಳಿಯುತ್ತಿತ್ತು. ದನಿ ನಡುಗಲಿಲ್ಲ.

"ಒಂದೂರಲ್ಲಿ ಒಬ್ಬ ರಕ್ಕಸ ಇದ್ದ. ಅವನಿಗೆ ಕೋರೆಹಲ್ಲು ಇರ್ಲಿಲ್ಲ."

"ಮೀಸೆ?" ಎಂದಳು ಚಿನ್ನು.

"ನೀಟಾಗಿ ಕತ್ತರಿಸಿದ್ದ."

"ಕತ್ತಿ?"

"ಕತ್ತೀನೂ ಇಲ್ಲ. ಬಿಳೀ ಅಂಗಿ ಹಾಕ್ತಿದ್ದ. ಎಲ್ಲರನ್ನೂ ಬಾಮ್ಮ, ಕೂತ್ಕೊಮ್ಮ ಅಂತಿದ್ದ."

ಮಕ್ಕಳು ಕಿಸಕ್ಕೆಂದವು. "ಇದೆಂಥಾ ರಕ್ಕಸ ಅಕ್ಕಾ! ಹಾಗಾದ್ರೆ ಅವನು ರಕ್ಕಸ ಅಂತ ಹೇಗೆ ಗೊತ್ತಾಗತ್ತೆ?"

"ಮಾತಾಡೋಕೆ ಮುಂಚೆ ಕಿಟಕಿ ಮುಚ್ತಾನೆ."

ಚಿನ್ನು ಕತ್ತು ತಿರುಗಿಸಿ ನೋಡಿದಳು. "ಇಲ್ಲೂ ಮುಚ್ಚಿದೆ," ಎಂದಳು. "ಯಾರು ಮುಚ್ಚಿದ್ದು?"

ಕುಳಿತಿದ್ದ ಹೆಂಗಸರೆಲ್ಲ ಕಿಟಕಿಗಳನ್ನು ನೋಡಿದರು. ಒಬ್ಬಳ ಕೈಯಲ್ಲಿದ್ದ ಕುಂಕುಮದ ಬಟ್ಟಲು ಅಲ್ಲೇ ನಿಂತಿತು.

"ಇದೇನು ಮಾತು!" ಎಂದು ವಿಶಾಲಾಕ್ಷಮ್ಮ ಸಿಡಿದಳು. "ಈ ದರಿದ್ರ ಗೊಂಬೆ ಮುಟ್ಟಿದವರದೆಲ್ಲ ಇದೇ ಹಣೆಬರಹ. ಅವಳೂ ಇದನ್ನ ಹೀಗೇ ತೊಡೆ ಮೇಲೆ ಹಾಕ್ಕೊಂಡು ಕೂರ್ತಿದ್ಲು."

"ಯಾವಳು?" ಎಂದಳು ಪದ್ದತ್ತೆ.

ಶೇಷಮ್ಮ ನೆಲ ನೋಡಿದಳು. ಪದ್ದತ್ತೆ ಬಂದು ನನ್ನ ಕೈಯ ಕಟ್ಟನ್ನು ದೀಪದ ಬೆಳಕಿಗೆ ಹಿಡಿದಳು.

"ಇದು ಅವಳ ಗೊಂಬೆನಾ ಶೇಷಮ್ಮ? ಸಾಮಾನು ಒಡೆದುಹಾಕ್ತಿದ್ದೋಳು ರವಿಕೆ ಹರಿದು ರಕ್ಕಸನ ಕೈಗೆ ಕಟ್ಟು ಕಟ್ತಾಳಾ? ತಲೆ ಕೆಟ್ಟೋಳು ಹಾಕೋ ಗಂಟಲ್ಲ ಇದು."

ವಸಂತ ಎದ್ದುನಿಂತ. ಆಗಲೂ ದನಿ ಏರಿಸಲಿಲ್ಲ. "ಮಾವ, ಹುಡುಗೀಗೆ ಕಲ್ಪನೆ ಜಾಸ್ತಿ. ಮಕ್ಕಳ ಕಥೆ ಕೇಳ್ತೀರೋ, ನನ್ನ ಮಾತು ಕೇಳ್ತೀರೋ?"

ಎಲ್ಲರೂ ನಂಜುಂಡಯ್ಯನವರನ್ನು ನೋಡಿದರು. ಅವರು ಹೆಚ್ಚು ಮಾತಿನವರಲ್ಲ. ಬೀದಿಯವರ ಎದುರು ಮಾನ ಹೋಗುವುದಕ್ಕೆ ಹೆದರುವವರು. ಒಂದು ಕ್ಷಣ ಅವರು ಅಳಿಯನಾಗುವವನ ಕಡೆಗೇ ಕೈ ಮುಗಿಯುತ್ತಾರೆಂದುಕೊಂಡೆ.

"ತಾರಿಣಿ, ಕೈ ತೋರ್ಸಮ್ಮ," ಎಂದರು.

ಅವಳು ಸೆರಗನ್ನು ಸರಿಸಿದಳು.

ಅವರು ನೋಡಿದರು. ಕಿಟಕಿಯ ಬಳಿ ಹೋದರು. ಅಗುಳಿ ಅವರ ಕೈಗೆ ಸರಿಯಾಗಿ ಸಿಗಲಿಲ್ಲ. ಕೊನೆಗೂ ತೆರೆದರು. ಬೀದಿಯ ಸದ್ದೆಲ್ಲ ಒಳಗೆ ನುಗ್ಗಿತು. ಅತ್ತ ಮುಖ ಮಾಡಿಯೇ ಅವರು, "ಶೇಷಮ್ಮ, ಇವರಿಗೆ ಬಸ್ಸಿಗೆ ಹೊತ್ತಾಯ್ತು," ಎಂದರು.

ವಸಂತ ಚಪ್ಪಲಿ ಮೆಟ್ಟಿಕೊಂಡ. ಹೋಗುವಾಗ ಎಲ್ಲರಿಗೂ ನಕ್ಕು ಕೈ ಮುಗಿದ. ನನಗೆ ಭಯವಾದದ್ದು ಆ ನಗುವಿಗೆ. ಕಥೆಯಲ್ಲಿ ಸೋತ ರಕ್ಕಸ ನೆಲಕ್ಕೆ ಬೀಳುತ್ತಾನೆ. ಇವನು ಬಸ್ಸು ಹತ್ತಿದ.

ಮರುದಿನ ತಾರಿಣಿಯೇ ನನ್ನ ಎದೆಗೆ ತ್ರಿಶೂಲ ಇಟ್ಟಳು. "ತಪ್ಪು ತಿಳ್ಕೋಬೇಡ ಮಾರಾಯ, ಮಕ್ಕಳು ಕಾಯ್ತಿವೆ," ಎಂದಳು. ಮಕ್ಕಳು ಚಪ್ಪಾಳೆ ತಟ್ಟಿದವು. ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಸಂಕ್ರಾಂತಿ ಕಳೆದ ಮೇಲೆ ಯಾರೋ ಸುದ್ದಿ ತಂದರು. ವಸಂತನಿಗೆ ಹುಣಸೂರಿನಲ್ಲಿ ಹೆಣ್ಣು ಗೊತ್ತಾಗಿದೆ, ಮಾಘದಲ್ಲಿ ಮದುವೆ. ಅಂದಿನಿಂದ ತಾರಿಣಿ ಸರಿಯಾಗಿ ಉಣ್ಣಲಿಲ್ಲ.

"ನಮ್ಮನೆ ಕಿಟಕಿ ತೆಗೆದ್ರೆ ಸಾಕೇನತ್ತೆ?" ಎಂದಳು.

"ನಾವು ಹೋಗಿ ಹೇಳಿದ್ರೆ ಏನಂತಾರೆ ಗೊತ್ತಾ? ಬೇಡ ಅನ್ನಿಸ್ಕೊಂಡೋಳು, ಹೊಟ್ಟೆಕಿಚ್ಚಿಗೆ ಬಂದಿದ್ದಾಳೆ ಅಂತಾರೆ. ನಿನಗೆ ಇನ್ನೂ ಮದುವೆ ಆಗ್ಬೇಕು ಕಣೇ."

"ಗೊತ್ತು."

"ಗೊತ್ತಿದ್ರೂ ಹೋಗ್ತೀಯಾ?"

"ನೀವೂ ಬನ್ನಿ. ಒಬ್ಬಳಿಗೇ ಭಯ."

ಪೆಟ್ಟಿಗೆಯಿಂದ ನನ್ನನ್ನು ತೆಗೆದು ಬಟ್ಟೆಯ ಚೀಲಕ್ಕೆ ಹಾಕಿಕೊಂಡರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತಾರಿಣಿಯ ಕೈ ಚೀಲದ ಮೇಲೆಯೇ ಇತ್ತು. ಚೀಲದ ಬಾಯಿಯಿಂದ ಕಂಡಂತೆ, ಹೆಣ್ಣಿನ ಮನೆಯ ಮುಂದೆ ಚಪ್ಪರದ ಕಂಬಗಳು ಆಗಲೇ ಬಂದು ಬಿದ್ದಿದ್ದವು. ಹುಡುಗಿಯ ತಾಯಿ ಹಪ್ಪಳ ಲಟ್ಟಿಸುತ್ತಿದ್ದಳು. ಪದ್ದತ್ತೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು, ಲಟ್ಟಣಿಗೆ ನಿಲ್ಲಿಸಲಿಲ್ಲ.

"ನಿಮಗೆ ತಪ್ಪಿದ ಸಂಬಂಧ ನಮಗೆ ಕೂಡಿಬಂತು ಅಂತ ಸಂಕಟ. ಅಲ್ವೇ?" ಎಂದಳು. "ಲಗ್ನಪತ್ರಿಕೆ ಹಂಚಿ ಆಗಿದೆ. ಮಜ್ಜಿಗೆ ಕುಡಿದು ಹೊರಡಿ."

ತಾರಿಣಿ ನನ್ನನ್ನು ಚೀಲದಿಂದ ತೆಗೆದು ಹಪ್ಪಳಗಳ ಪಕ್ಕದಲ್ಲಿ ನೆಲದ ಮೇಲೆ ಇಟ್ಟಳು. ಸುಕನ್ಯಾ ಕಟ್ಟಿದ ಕಟ್ಟನ್ನು ತೋರಿಸಿದಳು. ಆಮೇಲೆ ತನ್ನ ಕಥೆಯನ್ನು ಮಕ್ಕಳಿಗೆ ಹೇಳಿದ ಹಾಗೆಯೇ ಮೊದಲಿನಿಂದ ಹೇಳಿದಳು. ಲಟ್ಟಣಿಗೆ ಉರುಳುತ್ತಲೇ ಇತ್ತು. ಅವಳು ಕಿಟಕಿಯ ಮಾತಿಗೆ ಬಂದಾಗ ಒಳಕೋಣೆಯ ಬಾಗಿಲಲ್ಲಿ ಒಬ್ಬಳು ಹುಡುಗಿ ಕಾಣಿಸಿಕೊಂಡಳು. ಮದುಮಗಳಾಗಬೇಕಿದ್ದ ಅಂಬುಜ.

"ಅಮ್ಮಾ," ಎಂದಳು, "ಹೋದ ವಾರ ಅವರು ಬಂದಾಗ, ಸೆಕೆ ಅಂತ ನಾನು ಕಿಟಕಿ ತೆಗೆದೆ. ಅವರು ಎದ್ದು ಬಂದು ಮುಚ್ಚಿದ್ರು. ಮತ್ತೆ ತೆಗೆದೆ. ಮತ್ತೆ ಮುಚ್ಚಿದ್ರು. ಆಮೇಲೆ... ನಿನಗೆ ಹೇಳೋಕೆ ನಾಚಿಕೆ ಆಯ್ತಮ್ಮ."

ಲಟ್ಟಣಿಗೆ ನಿಂತಿತು.

ಆ ಚಪ್ಪರ ಏಳಲಿಲ್ಲ. ನಾನು ಮಾತ್ರ ಅಂಬುಜಳ ಮನೆಯಲ್ಲಿಯೇ ಉಳಿದೆ. "ಇವನು ಇಲ್ಲಿರಲಿ ಅಕ್ಕಾ," ಎಂದು ಅವಳು ಕೇಳಿಕೊಂಡಳು. ಈಗ ಗಾಜಿನ ಬೀರುವಿನ ಕೆಳಗಿನ ಹಲಗೆ ನನ್ನ ಜಾಗ. ಬಣ್ಣ ಉದುರಿದೆ, ಒಂದು ಕೋರೆಹಲ್ಲು ಎಲ್ಲೋ ಬಿದ್ದು ಹೋಗಿದೆ. ಹೊಸ ಮಕ್ಕಳಿಗೆ ನನ್ನನ್ನು ಕಂಡರೆ ಹೆದರಿಕೆಯಿಲ್ಲ, ಕೆನ್ನೆ ಚಿವುಟುತ್ತಾರೆ.

ಕಥೆಗಳಲ್ಲಿ ನಮ್ಮವರೇ ಯಾಕೆ ಸೋಲುತ್ತಾರೆ ಎಂದು ನಾನೂ ಬಹಳ ಯೋಚಿಸಿದ್ದೇನೆ. ಒಳ್ಳೆಯದಕ್ಕೆ ಬಲ ಹೆಚ್ಚು ಎಂದು ಹಿರಿಯರು ಹೇಳುತ್ತಾರೆ. ನಾನು ಕಂಡ ಒಳ್ಳೆಯವರಿಗೆಲ್ಲ ತೊಡೆ ನಡುಗುತ್ತಿತ್ತು. ನನಗೆ ತೋರುವುದು ಇಷ್ಟು. ಮುಚ್ಚಿದ ಮನೆಯಿಂದ ಹೇಗೋ ಹೊರಗೆ ಬಂದವರು ಕಥೆ ಹೇಳುತ್ತಾರೆ. ಬರಲಾಗದವರ ಕಥೆ ನಮಗೆ ಕೇಳಿಸುವುದೇ ಇಲ್ಲ. ಅದಕ್ಕೇ ಕೇಳಿದ ಕಥೆಗಳಲ್ಲೆಲ್ಲ ರಕ್ಕಸ ಸೋತಿರುತ್ತಾನೆ.

ವಸಂತ ಈಗಲೂ ಎಲ್ಲೋ ಇದ್ದಾನೆ. ಅವನ ಅಂಗಿಗೆ ಈಗಲೂ ಇಸ್ತ್ರಿ ಬೀಳುತ್ತಿರಬೇಕು. ಯಾವ ಊರಿನಿಂದಲಾದರೂ ಮದುವೆ ಮಾತಿನಲ್ಲಿ ಅವನ ಹೆಸರು ಕೇಳಿಬಂದರೆ ತಾರಿಣಿ ಹುಣಸೂರಿಗೆ ಬರುತ್ತಾಳೆ, ಅಂಬುಜ ಸೀರೆ ಬದಲಾಯಿಸುತ್ತಾಳೆ, ಇಬ್ಬರೂ ಬಸ್ ನಿಲ್ದಾಣಕ್ಕೆ ಓಡುತ್ತಾರೆ. ಅವನಿಗಿಂತ ಮೊದಲು ಆ ಮನೆಗೆ ಕಥೆ ತಲುಪಬೇಕು.